ಬದಲಾದುದು ಮುಖವೋ, ಮೂಳೆಯೋ?

ಕಾರಿನ ಮೈತಗಡನ್ನು ಒತ್ತಿ ರೂಪಿಸುವ ಉಕ್ಕಿನ ಅಚ್ಚುಗಳಿಗೆ ತಗಲುವ ವೆಚ್ಚ ಅಪಾರ. ಆದುದರಿಂದ ತಯಾರಕರು ಒಂದೇ ಮಾದರಿಯನ್ನು ಹಲವು ವರ್ಷ ಉಳಿಸಿಕೊಂಡು, ನಡುವೆ ದೀಪ, ಬಂಪರು, ಮುಂಭಾಗದ ಜಾಲರಿಗಳನ್ನಷ್ಟೇ ಬದಲಿಸಿ 'ಹೊಸದು' ಎಂದು ಸಾರುವುದುಂಟು. ಇದನ್ನು ನಾವು ಪ್ರಗತಿಯೆಂದು ಒಪ್ಪಲಾರೆವು.

ನಿಜವಾದ ಸುಧಾರಣೆಗೆ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ನಿದರ್ಶನ. ಇಬ್ಭಾಗವಾಗಿದ್ದ ಅದರ ಹಿಂಬದಿಯ ಗಾಜು 1953ರಲ್ಲಿ ಅಂಡಾಕಾರದ ಒಂದೇ ಗಾಜಾಯಿತು. 1957ರಲ್ಲಿ ಇನ್ನೂ ಅಗಲವಾಯಿತು. ಚಾಲಕನಿಗೆ ಹಿಂದಿನ ರಸ್ತೆ ಹೆಚ್ಚು ಕಂಡಿತು. 1954ರ ಹೊತ್ತಿಗೆ ಎಂಜಿನ್ನಿನ ಗಾತ್ರ 1131ರಿಂದ 1192 ಘನ ಸೆಂಟಿಮೀಟರಿಗೂ ಬಲ 25ರಿಂದ 30 ಅಶ್ವಶಕ್ತಿಗೂ ಏರಿದುವು. ಹೊರರೂಪ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 2003ರಲ್ಲಿ ಮೆಕ್ಸಿಕೋದಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 2 ಕೋಟಿ 10 ಲಕ್ಷಕ್ಕೂ ಮಿಕ್ಕಿ ಬೀಟಲ್‌ಗಳು ಹೊರಬಂದಿದ್ದುವು.

ಆದರೆ ತೇಪೆಗೂ ಮಿತಿಯುಂಟು. ಡಿಕ್ಕಿಯ ಪೆಟ್ಟನ್ನು ತಾಳಬೇಕಾದುದು ಕಾರಿನ ಚೌಕಟ್ಟು. ಅದರ ಮೂಲ ವಿನ್ಯಾಸವೇ ದುರ್ಬಲವಾಗಿದ್ದರೆ ಹೊಸ ಜಾಲರಿ ಜೀವವನ್ನು ಉಳಿಸದು. ಸಣ್ಣ ಕಾರಿನ ಬೆಲೆ ಕಡಿಮೆಯೆಂದು ಅದರೊಳಗೆ ಕುಳಿತವರ ಜೀವದ ಬೆಲೆಯೂ ಕಡಿಮೆಯೆ? 'ಹೊಸ ಮಾದರಿ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ, ಬದಲಾದುದು ಮುಖವೋ ಮೂಳೆಯೋ ಎಂದು ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಬೇಕೆಂಬುದೇ ನಮ್ಮ ಅಭಿಪ್ರಾಯ.