ಗೂಬೆಯ ಠಿಕಾಣಿ ಹೇಳಿದವರು ಕೊಲೆಗಾರರಲ್ಲ

2021ರ ಜನವರಿ 27ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಹಿಮಗೂಬೆಯೊಂದು ಬಂದಿಳಿಯಿತು. ಆ ಉದ್ಯಾನದಲ್ಲಿ ಈ ಜಾತಿಯ ಗೂಬೆ ಕಂಡದ್ದಕ್ಕೆ ಅದಕ್ಕೂ ಹಿಂದಿನ ದಾಖಲೆ 1890ರದು. ಬೇಸ್‌ಬಾಲ್ ಮೈದಾನದಲ್ಲಿ ಕೂತ ಬಿಳಿ ಹಕ್ಕಿಯನ್ನು ಕಾಗೆಗಳು ಪೀಡಿಸುತ್ತಿದ್ದವು; ಬೇಲಿಯಾಚೆ ಕ್ಯಾಮೆರಾ, ಬೈನಾಕ್ಯುಲರ್ ಹಿಡಿದ ಜನ ಮುಗಿಬಿದ್ದಿದ್ದರು. ಅದರ ಹಿಂದೆಯೇ ಹಳೆಯ ಜಗಳವೂ ಬಂತು. ಗೂಬೆ ಎಲ್ಲಿ ಕೂತಿದೆ ಎಂಬುದನ್ನು ಟ್ವಿಟರ್‌ನಲ್ಲಿ ಊರಿಗೆಲ್ಲ ಸಾರಬೇಕಿತ್ತೇ?

ಆ ನಗರದಲ್ಲಿ ಪ್ರತಿ ಚಳಿಗಾಲವೂ ಈ ಪ್ರಶ್ನೆ ಏಳುತ್ತದೆ. ಗೋಪ್ಯದ ಪರ ನಿಂತವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹಗಲಿಡೀ ಒಂದೆಡೆ ಕೂತು ಶಕ್ತಿ ಉಳಿಸಿಕೊಳ್ಳಬೇಕಾದ ಗೂಬೆಯನ್ನು ಒಳ್ಳೆಯ ಚಿತ್ರಕ್ಕಾಗಿ ಹಾರಿಸುವವರಿದ್ದಾರೆ. ಸಾಕಿದ ಇಲಿಯನ್ನು ಹಿಮದ ಮೇಲೆ ಬಿಟ್ಟು, ಗೂಬೆ ಎರಗುವ ಕ್ಷಣಕ್ಕೆ ಕಾಯುವ ಫೋಟೊಗ್ರಾಫರುಗಳೂ ಇದ್ದಾರೆ. ಹಕ್ಕಿ ದಾಖಲೆಗಳ ಜಾಗತಿಕ ತಾಣವಾದ ಇ-ಬರ್ಡ್ ಕೂಡ ಅಪಾಯದಲ್ಲಿರುವ ಕೆಲವು ಜಾತಿಗಳ ಜಾಗವನ್ನು ಮುಚ್ಚಿಡುತ್ತದೆ. ಆದರೂ ಈ ಜಗಳದಲ್ಲಿ ಆರೋಪಿಯ ಕಟಕಟೆಗೆ ತಪ್ಪು ಜನರನ್ನು ಹತ್ತಿಸಲಾಗಿದೆ ಎಂಬುದು ನನ್ನ ವಾದ.

ಮೊದಲು, ಇಷ್ಟು ದೊಡ್ಡ ನಗರಕ್ಕೆ ಈ ಹಕ್ಕಿಗಳು ಬರುವುದೇಕೆ? ನ್ಯೂಯಾರ್ಕ್ ಇರುವುದು ಅಟ್ಲಾಂಟಿಕ್ ಕರಾವಳಿಯ ವಲಸೆ ದಾರಿಯ ಮೇಲೆ. ಒಳನಾಡಿನ ಕೆರೆಗಳು ಹೆಪ್ಪುಗಟ್ಟಿದಾಗಲೂ ಇಲ್ಲಿನ ಉಪ್ಪುನೀರಿನ ಕೊಲ್ಲಿಗಳು ಬಹುಮಟ್ಟಿಗೆ ತೆರೆದಿರುತ್ತವೆ, ಬಾತುಗಳು ಅಲ್ಲಿ ಸೇರುತ್ತವೆ. ಮರವಿಲ್ಲದ ಬಯಲಿನಲ್ಲಿ ಹುಟ್ಟಿ ಬೆಳೆದ ಹಿಮಗೂಬೆಗೆ ಜೋನ್ಸ್ ಬೀಚಿನ ಮರಳದಿಬ್ಬಗಳೂ ಜಮೈಕಾ ಕೊಲ್ಲಿಯ ಅಂಚಿನಲ್ಲಿರುವ ಕೆನಡಿ ವಿಮಾನ ನಿಲ್ದಾಣದ ಹುಲ್ಲುಗಾವಲೂ ಆರ್ಕ್ಟಿಕ್ ತವರಿನಂತೆಯೇ ಕಾಣುತ್ತವೆ. ದಾರಿ ತಪ್ಪಿದವುಗಳ ಲೆಕ್ಕ ಬೇರೆ. 2015ರ ನವೆಂಬರ್ ಕೊನೆಗೆ ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕಿಗೆ ಬಂದ ಪೇಂಟೆಡ್ ಬಂಟಿಂಗ್ ಗಂಡು ಅಂಥದ್ದು. ನೀಲಿ ತಲೆ, ಕೆಂಪು ಹೊಟ್ಟೆ, ಹಸಿರು ಬೆನ್ನಿನ ಈ ಪುಟ್ಟ ಹಕ್ಕಿ ದಕ್ಷಿಣದ ರಾಜ್ಯಗಳದ್ದು. ಹಕ್ಕಿಗಳ ಕಡೆ ಎಂದೂ ತಲೆಯೆತ್ತಿ ನೋಡದವರೂ ಅದಕ್ಕಾಗಿ ಚಳಿಯಲ್ಲಿ ನಿಂತರು.

ಹಿಮಗೂಬೆ ಬಂದಾಗಲೆಲ್ಲ ‘ಪಾಪ, ಹಸಿದು ಬಂದಿದೆ’ ಎಂಬ ಮಾತು ಕೇಳಿಬರುತ್ತದೆ. 2013–14ರ ಚಳಿಗಾಲ ಅದನ್ನು ಬಹುಮಟ್ಟಿಗೆ ಸುಳ್ಳುಮಾಡಿತು. ಕ್ವಿಬೆಕ್‌ನ ಉತ್ತರದಲ್ಲಿ ಲೆಮ್ಮಿಂಗ್ ಎಂಬ ದಂಶಕಗಳು ಮಿತಿಮೀರಿ ಹೆಚ್ಚಿದ ವರ್ಷ ಅದು. ತಿನ್ನಲು ಯಥೇಚ್ಛವಾಗಿ ಸಿಕ್ಕಿ ಮರಿಗಳು ವಿಪರೀತ ಉಳಿದವು; ಎಳೆಯ ಗೂಬೆಗಳು ದಕ್ಷಿಣಕ್ಕೆ ಹರಡಿದವು. ಪೂರ್ವ ಕರಾವಳಿ ದಶಕಗಳಿಂದ ಅಷ್ಟೊಂದು ಹಿಮಗೂಬೆಗಳನ್ನು ಕಂಡಿರಲಿಲ್ಲ. ಹಿಡಿದು ತೂಗಿ ನೋಡಿದ ಸಂಶೋಧಕರಿಗೆ ಅನೇಕ ಹಕ್ಕಿಗಳು ಮೈತುಂಬಿಕೊಂಡೇ ಸಿಕ್ಕವು.

ಅದೇ ಚಳಿಗಾಲ ವಿಮಾನ ನಿಲ್ದಾಣದ ಪ್ರಸಂಗ ನಡೆಯಿತು. ಎರಡು ವಾರಗಳಲ್ಲಿ ನ್ಯೂಯಾರ್ಕ್ ಸುತ್ತಲಿನ ನಿಲ್ದಾಣಗಳಲ್ಲಿ ಐದು ವಿಮಾನಗಳಿಗೆ ಹಿಮಗೂಬೆಗಳು ಬಡಿದವೆಂದು, ಆ ನಿಲ್ದಾಣಗಳನ್ನು ನಡೆಸುವ ಬಂದರು ಪ್ರಾಧಿಕಾರ ಹೇಳಿತು. ಅದರ ಸಿಬ್ಬಂದಿ ಕೆನಡಿ ನಿಲ್ದಾಣದಲ್ಲಿ ಮೂರು ಗೂಬೆಗಳನ್ನು ಗುಂಡಿಟ್ಟು ಕೊಂದರು. ವಿಮಾನದ ಸುರಕ್ಷತೆ ಹಗುರ ವಿಷಯವಲ್ಲ, ನಿಜ. ಆದರೆ ಬಾಸ್ಟನ್‌ನ ಲೋಗನ್ ನಿಲ್ದಾಣದಲ್ಲಿ ಮಸಾಚುಸೆಟ್ಸ್ ಆಡುಬನ್ ಸಂಸ್ಥೆಯ ನಾರ್ಮನ್ ಸ್ಮಿತ್ 1981ರಿಂದ ಇದೇ ಗೂಬೆಗಳನ್ನು ಹಿಡಿದು ಬೇರೆಡೆ ಬಿಡುತ್ತಿದ್ದರು. ಸುದ್ದಿ ಹೊರಬಿದ್ದು ಜನ ಸಿಡಿದೇಳುತ್ತಲೇ, ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಕೂಡ ಹಿಡಿದು ಬಿಡುವ ಕ್ರಮಕ್ಕೆ ಒಪ್ಪಿತು. ಅಷ್ಟು ಬೇಗ ಅಷ್ಟು ಜನ ಕೆರಳಿದ್ದಕ್ಕೆ ಕಾರಣ ಸ್ಪಷ್ಟ: ಆ ವರ್ಷ ಅವರು ಗೂಬೆಗಳನ್ನು ಕಣ್ಣಾರೆ ಕಂಡಿದ್ದರು. ಕಾಣದ ಹಕ್ಕಿಗಾಗಿ ಪ್ರಾಧಿಕಾರದ ಫೋನು ಯಾರು ಬಡಿಯುತ್ತಾರೆ?

ಈ ಮಾತಿಗೆ ಇನ್ನೂ ಹಳೆಯ ಬೇರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಪರೂಪದ ಹಕ್ಕಿ ಕಂಡೆ ಎನ್ನುವವನು ಅದನ್ನು ಕೊಂದು ಚರ್ಮ ತೋರಿಸಿದರೆ ಮಾತ್ರ ಪುರಾವೆ. ಹೆಂಗಸರ ಟೋಪಿಗಳಿಗೆ ಹಕ್ಕಿಯ ರೆಕ್ಕೆಪುಕ್ಕ ಸಿಕ್ಕಿಸುವುದು ಆಗಿನ ಶೋಕಿ. 1886ರಲ್ಲಿ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಮ್ಯಾನ್‌ಹಟನ್ನಿನ ಬೀದಿಯಲ್ಲಿ ಅಡ್ಡಾಡಿ 700 ಟೋಪಿಗಳನ್ನು ಗಮನಿಸಿದ. ಅವುಗಳಲ್ಲಿ 542ಕ್ಕೆ ಹಕ್ಕಿಯ ಅಲಂಕಾರವಿತ್ತು. ಅವನು ಗುರುತಿಸಿದ್ದು 40 ಜಾತಿ. (ನಗರದ ಅತಿ ವಿಚಿತ್ರ ಪಕ್ಷಿವೀಕ್ಷಣೆ ಇದೇ ಇರಬೇಕು.) ಆಗ ಕ್ರಿಸ್‌ಮಸ್ ದಿನ ಎರಡು ತಂಡ ಕಟ್ಟಿಕೊಂಡು ಯಾರು ಹೆಚ್ಚು ಪ್ರಾಣಿಪಕ್ಷಿ ಹೊಡೆಯುತ್ತಾರೆಂದು ಪಂದ್ಯ ಆಡುವ ರೂಢಿಯಿತ್ತು. 1900ರಲ್ಲಿ ಚಾಪ್‌ಮನ್, ಹೊಡೆಯುವ ಬದಲು ಎಣಿಸಿ ಎಂದ. ಮೊದಲ ವರ್ಷ 25 ಕಡೆ 27 ಜನ ಎಣಿಸಿದರು, ಸೆಂಟ್ರಲ್ ಪಾರ್ಕ್ ಅವುಗಳಲ್ಲೊಂದು. ನೋಡುವವರ ಗುಂಪು ದೊಡ್ಡದಾದ ಮೇಲೆಯೇ ಬಂದೂಕಿನವರ ಗುಂಪು ಕರಗಿದ್ದು.

ಹಾಗಾದರೆ ಈಗ ಅಲ್ಲಿ ಗೂಬೆಗಳನ್ನು ಕೊಲ್ಲುತ್ತಿರುವುದು ಯಾವುದು? ಸೆಂಟ್ರಲ್ ಪಾರ್ಕಿನಲ್ಲಿ ‘ಬ್ಯಾರಿ’ ಎಂದು ಜನ ಕರೆಯುತ್ತಿದ್ದ ಬಾರ್ಡ್ ಗೂಬೆಯೊಂದಿತ್ತು. 2020ರ ಅಕ್ಟೋಬರಿನಲ್ಲಿ ಬಂದ ಅದು ಸಾವಿರಾರು ಕ್ಯಾಮೆರಾಗಳ ಮುಂದೆ ಹತ್ತು ತಿಂಗಳು ಬೇಟೆಯಾಡಿ ಬದುಕಿತು. 2021ರ ಆಗಸ್ಟಿನಲ್ಲಿ ಉದ್ಯಾನದ ನಿರ್ವಹಣಾ ವಾಹನಕ್ಕೆ ಬಡಿದು ಸತ್ತಿತು. ಶವಪರೀಕ್ಷೆಯಲ್ಲಿ, ಪ್ರಾಣಕ್ಕೇ ಎರವಾಗಬಹುದಾದಷ್ಟು ಇಲಿಪಾಷಾಣ ಮೈಯಲ್ಲಿ ಸಿಕ್ಕಿತು. ಮೃಗಾಲಯದ ಬಲೆಯನ್ನು ಯಾರೋ ಕತ್ತರಿಸಿದ್ದರಿಂದ 2023ರ ಫೆಬ್ರುವರಿಯಲ್ಲಿ ಹೊರಬಿದ್ದ ಯುರೇಷ್ಯಾದ ಕೊಂಬಿನ ಗೂಬೆ ‘ಫ್ಲ್ಯಾಕೊ’ ವರ್ಷವಿಡೀ ನಗರವನ್ನು ಮರುಳುಮಾಡಿ, ಮರುವರ್ಷ ಫೆಬ್ರುವರಿ 23ರಂದು ಪೆಟ್ಟು ತಿಂದು ಕಟ್ಟಡವೊಂದರ ಅಂಗಳದಲ್ಲಿ ಬಿದ್ದು ಸತ್ತಿತು. ಪಂಜರದಿಂದ ಹೊರಬಂದ ಹಕ್ಕಿಯಾದ್ದರಿಂದ ಶಿಸ್ತಿನ ಪಕ್ಷಿವೀಕ್ಷಕರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅದರ ಸಾವಿನ ವರದಿಗೆ ಮಾತ್ರ ಮಹತ್ವವಿದೆ. ಪಾರಿವಾಳದಿಂದ ಅಂಟಿದ ಹರ್ಪಿಸ್ ವೈರಸ್ ಒಂದು ಕಡೆ, ನಾಲ್ಕು ಬಗೆಯ ಇಲಿಪಾಷಾಣ ಇನ್ನೊಂದು ಕಡೆ. ಪೆಟ್ಟು ಬೀಳದಿದ್ದರೂ ಅವೇ ಸಾಕಾಗುತ್ತಿದ್ದವು.

ಈ ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ಕೆಲವು ದಿನ ನಿತ್ರಾಣವಾಗಿ ಓಡಾಡುತ್ತದೆ, ಗೂಬೆಗೆ ಅದೇ ಸುಲಭದ ತುತ್ತು. ವಿಷ ಗೂಬೆಯ ಪಿತ್ತಜನಕಾಂಗದಲ್ಲಿ ತುತ್ತಿನಿಂದ ತುತ್ತಿಗೆ ಸಂಗ್ರಹವಾಗುತ್ತದೆ. ಯಾರಿಗೂ ಠಿಕಾಣಿ ಹೇಳದೆ ಬಚ್ಚಿಟ್ಟರೂ ಆ ಇಲಿ ಗೂಬೆಯನ್ನು ತಲುಪುತ್ತದೆ.

ಇಲ್ಲಿಯೂ ಸ್ವಲ್ಪವಾದರೂ ಬದಲಾವಣೆ ಬಂದದ್ದು ಗುಟ್ಟಿನಿಂದಲ್ಲ. ಫ್ಲ್ಯಾಕೊ ಸತ್ತ ಏಳು ತಿಂಗಳಿಗೆ ನಗರ ಪರಿಷತ್ತು, ಇಲಿಗಳಿಗೆ ವಿಷದ ಬದಲು ಸಂತಾನನಿರೋಧಕ ಗುಳಿಗೆ ಇಡುವ ಪ್ರಾಯೋಗಿಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಕ್ಕಿಗಳನ್ನು ಕೊಲ್ಲುವ ಇನ್ನೊಂದು ವಸ್ತುವಾದ ಕಟ್ಟಡಗಳ ಗಾಜಿನ ವಿಷಯದಲ್ಲಿ ಕೆಲಸ ಇನ್ನೂ ಮೊದಲು ಶುರುವಾಗಿತ್ತು. 1997ರಿಂದ ಸ್ವಯಂಸೇವಕರು ನಸುಕಿನಲ್ಲಿ ಕಟ್ಟಡಗಳ ಬುಡದಲ್ಲಿ ನಡೆದು ಸತ್ತ ಹಕ್ಕಿಗಳನ್ನು ಆಯ್ದು, ಜಾಗ ಬರೆದಿಡುತ್ತಿದ್ದಾರೆ. ನಗರದಲ್ಲಿ ವರ್ಷಕ್ಕೆ 90,000ದಿಂದ 2.3 ಲಕ್ಷ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆಂಬ ಅಂದಾಜು ಆ ಕೆಲಸದ ಫಲ. ಜಾವಿಟ್ಸ್ ಸಮಾವೇಶ ಕೇಂದ್ರ ತನ್ನ ಗಾಜು ಬದಲಿಸಿದ ಮೇಲೆ ಅಲ್ಲಿನ ಸಾವು ಸುಮಾರು ಶೇ 90ರಷ್ಟು ಇಳಿಯಿತು. 2021ರಿಂದ ಹೊಸ ಕಟ್ಟಡಗಳ ಹೊರಮೈಗೆ 75 ಅಡಿ ಎತ್ತರದವರೆಗೆ ಹಕ್ಕಿಗೆ ಕಾಣುವಂಥ ಗಾಜನ್ನು ಕಾನೂನು ಕಡ್ಡಾಯಗೊಳಿಸಿದೆ. ಈಗಾಗಲೇ ನಿಂತಿರುವ ಕಟ್ಟಡಗಳನ್ನು, ಗಾಜನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದ ಹೊರತು, ಆ ಕಾನೂನು ಮುಟ್ಟುವುದಿಲ್ಲ. ಸಾವು ಹೆಚ್ಚಿರುವುದು ಅಲ್ಲಿಯೇ.

ನಮ್ಮಲ್ಲಿ ಅಕ್ಟೋಬರ್ ಬಂತೆಂದರೆ ದಕ್ಷಿಣಕ್ಕೆ ಹೊರಟ ನವರಂಗ ಹಕ್ಕಿಗಳು ಬೆಂಗಳೂರಿನ ಕಿಟಕಿಗಳಿಗೆ ಬಡಿದು ಬೀಳುತ್ತವೆ. ಯಾರೋ ರಟ್ಟಿನ ಡಬ್ಬಿಯಲ್ಲಿಟ್ಟು ಆರೈಕೆ ಕೇಂದ್ರಕ್ಕೆ ಒಯ್ಯುತ್ತಾರೆ, ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಅಂಥ ಸಂದೇಶಗಳಲ್ಲಿ ಹಕ್ಕಿಯ ಹೆಸರಿರುತ್ತದೆ, ಎತ್ತಿಕೊಂಡವರ ಹೆಸರಿರುತ್ತದೆ. ಯಾವ ಕಟ್ಟಡ, ಯಾವ ದಿಕ್ಕಿನ ಗಾಜು ಎಂದು ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.