ಓರೆಯಾದ ಕೊಪ್ಪ
ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತ ನಿಂತರೆ ನನ್ನ ಕಣ್ಣು ಮೊದಲು ಹೋಗುವುದು ಬೋರ್ಡುಗಳ ಮೇಲೆ. ತುದಿ ಉರುಟಾದ, ಕೊಂಚ ಬಲಕ್ಕೆ ವಾಲಿದ ದಪ್ಪ ಅಕ್ಷರ ಕಂಡರೆ ಸಾಕು, ನಿಂತ ಬಸ್ಸೂ ಘಾಟಿ ಹತ್ತುತ್ತಿದೆ ಅನ್ನಿಸುತ್ತದೆ. ಈ ಓರೆಯೇ ಇಂಗ್ಲಿಷಿನವರ ಇಟಾಲಿಕ್. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನುಟಿಯಸ್ ಕೈಬರಹದ ಓರೆಯನ್ನು ಅಚ್ಚಿಗಿಳಿಸಿ ಇಡೀ ಪುಸ್ತಕವನ್ನೇ ಅದರಲ್ಲಿ ಮುದ್ರಿಸಿದ. ನಮ್ಮ ಲಿಪಿಗೆ ಆ ಪರಂಪರೆ ಇಲ್ಲ, ದುಂಡುತನ ಮಾತ್ರ ಹುಟ್ಟಿನಿಂದಲೇ ಬಂದದ್ದು. ಏಕ್ ಟೈಪ್ ಬಳಗದ ‘ಬಾಲೂ ತಮ್ಮ’ ಫಾಂಟು ಅದನ್ನು ಇನ್ನಷ್ಟು ಕೊಬ್ಬಿಸಿದೆ, ಆದರೆ ಅದೂ ನೆಟ್ಟಗೇ ನಿಂತಿದೆ. ಕಂಪ್ಯೂಟರಿನಲ್ಲಿ ‘ಐ’ ಗುಂಡಿ ಒತ್ತಿದರೆ ಅಕ್ಷರ ವಾಲುತ್ತದೆ ನಿಜ; ಎಡವಟ್ಟಾಗುವುದು ಕೆಳಗೆ. ತಲೆ ಬಲಕ್ಕೆ ಸರಿದಷ್ಟೂ ಬುಡ ಎಡಕ್ಕೆ ಜಾರುತ್ತದೆ. ಕೊಪ್ಪದ ಪಕಾರದ ಒತ್ತು ತಾಯಕ್ಷರದ ಹೊಟ್ಟೆಯಡಿಗೆ ನುಸುಳುತ್ತದೆ, ಶೃಂಗೇರಿಯ ವಟ್ರಸುಳಿ ಶಕಾರದ ಕಾಲಿಗೆ ತೊಡರುತ್ತದೆ. ನರಸಿಂಹರಾಜಪುರಕ್ಕೆ ಒತ್ತೇ ಇಲ್ಲ, ಹಾಗಾಗಿ ಸಲೀಸು. ಸೊನ್ನೆಯೊಂದು ಕೋಳಿಮೊಟ್ಟೆಯಾಗುತ್ತದೆ, ಅಷ್ಟೆ. (ಹಳೆಯ ಹೆಸರು ಎಡೇಹಳ್ಳಿಯೇ ಉಳಿದಿದ್ದರೆ ಅದಕ್ಕೂ ಈ ತಾಪತ್ರಯ ತಪ್ಪುತ್ತಿರಲಿಲ್ಲ.) ಬಸ್ಸಿನ ಹೆಸರಿಗೆ, ಚಹಾಪುಡಿ ಪೊಟ್ಟಣಕ್ಕೆ, ಯಕ್ಷಗಾನದ ಪೋಸ್ಟರಿಗೆ ಈ ಓರೆ ಒಪ್ಪುತ್ತದೆ, ದೂರದಿಂದ ಓದಬೇಕಾದ ದಾರಿಫಲಕಕ್ಕೆ, ಅದೂ ನಮ್ಮ ಮಳೆಗಾಲದಲ್ಲಿ, ಖಂಡಿತ ಬೇಡ. ಫ್ಲೆಕ್ಸ್ ಅಂಗಡಿಯವರೇ, ಪ್ರಿಂಟಿಗೆ ಕೊಡುವ ಮುಂಚೆ ಆ ಒತ್ತನ್ನು ಒಂದಿಷ್ಟು ಬಲಕ್ಕೆ ಎಳೆದುಬಿಡಿ, ಮಾರಾಯ್ರೆ.