ಮಿದುಳಿನ ಅಲೆ ಸಾಕ್ಷಿ ನುಡಿಯದು

ದುಮ್ಮವಾಡದ ರೈತನೊಬ್ಬನ ತಲೆಗೆ ಮಿದುಳಿನ ಅಲೆ ಅಳೆಯುವ ಇಇಜಿ ತಂತಿ ಅಂಟಿಸಿ, ಪರದೆಯ ಮೇಲೆ ಕೆರೆಗಳ ಚಿತ್ರ ಒಂದೊಂದಾಗಿ ತೋರಿಸಿದರೆನ್ನಿ. ಗುರುತಿಲ್ಲದ ಕೆರೆಗಳ ನಡುವೆ ಊರ ಹತ್ತಿರದ ನೀರಸಾಗರ ಕಂಡರೆ ಗಮನ ತಟ್ಟನೆ ಅಲ್ಲಿ ನೆಡುತ್ತದೆ. ಸುಮಾರು 300 ಮಿಲಿಸೆಕೆಂಡಿಗೆ ನೆತ್ತಿಯ ಮೇಲಿನ ತಂತಿ ದೊಡ್ಡದೊಂದು ಅಲೆ ಹಿಡಿಯುತ್ತದೆ. 1965ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟ್ಟನ್ ತಂಡ ವರದಿ ಮಾಡಿದ ಈ ಅಲೆಗೆ ಪಿ300 ಎನ್ನುತ್ತಾರೆ. ಕಣ್ಣು ಕದಲಿಸದೆ ಮನಸ್ಸನ್ನಷ್ಟೇ ಎಡಕ್ಕೋ ಬಲಕ್ಕೋ ಹೊರಳಿಸಿದರೂ ಸಾಕು, ಆ ಬದಿಯ ಚಿತ್ರಕ್ಕೆ ತಲೆಯ ಹಿಂಭಾಗದ ಸ್ಪಂದನ 100 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಹಿಗ್ಗುತ್ತದೆ. ಯಂತ್ರಕ್ಕೆ ಸಿಗುವುದು ಗಮನದ ಜಾಡು. ಆ ಮನುಷ್ಯ ಕೆರೆಯಲ್ಲಿ ಎತ್ತಿನ ಮೈ ತೊಳೆದನೋ, ಹೆಣ ಎಸೆದನೋ ಅದಕ್ಕೆ ಗೊತ್ತಾಗದು.

ಇಷ್ಟು ಸರಳ ಸಂಗತಿಯನ್ನು ನಮ್ಮ ತನಿಖಾ ವ್ಯವಸ್ಥೆ ಮರೆಯಿತು. ನಿಮ್ಹಾನ್ಸ್‌ನಲ್ಲಿ ದುಡಿದಿದ್ದ ಸಿ.ಆರ್. ಮುಕುಂದನ್ ರೂಪಿಸಿದ, ಅಲೆಗಳಲ್ಲಿ ‘ಅನುಭವದ ನೆನಪು’ ಹುಡುಕುವ ಪರೀಕ್ಷೆಯನ್ನೂ ನೆಚ್ಚಿ 2008ರಲ್ಲಿ ಪುಣೆಯ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕ ಡಿ. ನಾಗರಾಜ ಅವರ ನೇತೃತ್ವದ ಸಮಿತಿ ಇಂಥ ಪರೀಕ್ಷೆಗೆ ವೈಜ್ಞಾನಿಕ ಬುನಾದಿಯಿಲ್ಲ ಎಂದಿತ್ತು! ಕೊನೆಗೆ 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಪರು, ಸುಳ್ಳುಪತ್ತೆ, ಮಿದುಳು ಪರೀಕ್ಷೆಗಳನ್ನು ಬಲವಂತವಾಗಿ ಮಾಡುವುದು ಸಂವಿಧಾನಬಾಹಿರ ಎಂದು ಸಾರಿತು.

ಬಡಿದು ಬಾಯಿ ಬಿಡಿಸುವುದಕ್ಕಿಂತ ತಂತಿ ಅಂಟಿಸುವುದು ವಾಸಿಯಲ್ಲವೇ ಎನ್ನುವವರಿದ್ದಾರೆ. ಲಾಠಿಗೆ ಬದಲಿ ಬೇಕಾದರೆ ಬೆರಳಚ್ಚು, ಡಿಎನ್‌ಎ ಇವೆಯಲ್ಲ. ಕೊಂದವನಿಗೆ ಮಾತ್ರ ತಿಳಿದ ವಿವರವನ್ನೇ ತೋರಿಸಿದರೆ ಹೇಗೆ ಎಂಬ ಪ್ರಶ್ನೆಯಲ್ಲಿ ಮಾತ್ರ ತಿರುಳಿದೆ. ಆದರೆ ಹಳ್ಳಿಯಲ್ಲಿ ಕೊಲೆಯಾದರೆ ಸಂಜೆಯೊಳಗೆ ಕೊಡಲಿಯ ಕಾವು ಯಾವ ಕಟ್ಟಿಗೆಯದೆಂಬುದೂ ಚಹಾದಂಗಡಿಯಲ್ಲಿ ಚರ್ಚೆಯಾಗಿರುತ್ತದೆ. ಗುಟ್ಟಿನ ವಿವರ ಉಳಿಯುವುದೆಲ್ಲಿ? ಮೇಲಾಗಿ ಸಂಬಂಧವಿಲ್ಲದ ಚಿತ್ರ ಬಂದಾಗ ಗುಟ್ಟಾಗಿ ಕಾಲ್ಬೆರಳು ಅಲುಗಿಸುವಂಥ ಉಪಾಯದಿಂದಲೇ ಪಿ300 ಪರೀಕ್ಷೆಯನ್ನು ದಾರಿ ತಪ್ಪಿಸಬಹುದೆಂದು ಸಂಶೋಧಕ ಪೀಟರ್ ರೋಸೆನ್‌ಫೆಲ್ಡ್ ತಂಡ 2004ರಲ್ಲೇ ತೋರಿಸಿದೆ. ಪಳಗಿದವನು ಪಾರಾಗುತ್ತಾನೆ, ಊರ ಸುದ್ದಿ ಕೇಳಿದ್ದ ಅಮಾಯಕ ಸಿಕ್ಕಿಬೀಳುತ್ತಾನೆ.

ಸಮ್ಮತಿಯಿದ್ದರೆ ಪರೀಕ್ಷೆಗೆ ಈಗಲೂ ಅವಕಾಶವಿದೆ. ಕಳವಳ ಇರುವುದು ಅಲ್ಲೇ. ಠಾಣೆಯಲ್ಲಿ ಕೂಡಿಸಿಕೊಂಡು ಹಾಕಿಸಿದ ಸಹಿಯನ್ನು ಸಮ್ಮತಿ ಎನ್ನಲಾಗದು. ವಕೀಲರನ್ನು ಕಾಣಲು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಅದನ್ನು ದಾಖಲಿಸಬೇಕು. ಯಾರಾದರೂ ಕೇಳಿದರೆ ‘ಒಲ್ಲೆ’ ಎನ್ನಿ. ಹಾಗೆನ್ನುವ ಹಕ್ಕು ನಿಮಗಿದೆ.